ವಾರಿಜಕ್ಕ ನೋಡಿದ ಮೆಟ್ಟಿಲು

ಮಸ್ಕತ್ತಿನ ಅಲ್ ಅಜೈಬಾದಿಂದ ಬೌಷರ್‌ಗೆ ಮನೆ ಬದಲಿಸುವಾಗ ರಟ್ಟಿನ ಪೆಟ್ಟಿಗೆಯೊಂದರ ತಳದಲ್ಲಿ ಹಳೆಯ ವೀಡಿಯೊ ಕ್ಯಾಸೆಟ್ ಸಿಕ್ಕಿತು. ಮೂಗಿಗೆ ಹಿಡಿದರೆ ಪ್ಲಾಸ್ಟಿಕ್ಕೂ ಬೂಷ್ಟೂ ಸೇರಿದ ವಾಸನೆ. ಕ್ಯಾಸೆಟ್ಟನ್ನು ಯಾರಾದರೂ ಮೂಸಿ ನೋಡುತ್ತಾರೆಯೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಹಾಕಿ ನೋಡಲು ಈಗ ಯಂತ್ರವಿಲ್ಲ. ಉಳಿದಿರುವ ಉಪಯೋಗ ಅದೊಂದೇ.

ಅದು ಶ್ರೀಕಂಠಯ್ಯನವರದು. ತೊಂಬತ್ತರ ದಶಕದ ಆರಂಭದಲ್ಲಿ ಅಜೈಬಾದ ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿದ್ದ ಮೈಸೂರಿನವರು. ಹೊಟ್ಟೆಪಾಡಿಗೆ ಏರ್‌ಕಂಡೀಷನ್ ಎಂಜಿನಿಯರ್, ಮನಸ್ಸಿನಲ್ಲಿ ಸಿನಿಮಾ ನಿರ್ದೇಶಕ. ಸಿನಿಮಾ ಕಲಿಯುತ್ತೇನೆ ಎಂದಾಗ ತಂದೆ ಎಂಜಿನಿಯರಿಂಗಿಗೆ ಸೇರಿಸಿದರಂತೆ. ಅದರ ಸೇಡನ್ನು ಅವರು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು. ಶುಕ್ರವಾರದ ರಜೆಯಲ್ಲಿ, ಊಟವಾದ ಮೇಲೆ, ಕಟ್ಟಡದ ಕನ್ನಡದವರೆಲ್ಲ ಅವರ ಹಾಲಿನಲ್ಲಿ ಕೂತು ಸಿನಿಮಾ ನೋಡಬೇಕು. ನೋಡುವುದೆಂದರೆ ನಿಲ್ಲಿಸಿ ನಿಲ್ಲಿಸಿ ನೋಡುವುದು. ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿಗೆ ಸರಿಯಾಗಿ ರಿಮೋಟ್ ಒತ್ತಿ, “ಕ್ಯಾಮೆರಾ ಎಲ್ಲಿದೆ ಹೇಳಿ ನೋಡೋಣ?” ಎನ್ನುವರು.

“ಆನ್ ದ ಸ್ಟ್ಯಾಂಡ್, ಅಂಕಲ್,” ಎಂದು ನನ್ನ ಮಗಳು ಉತ್ತರಿಸುವಳು.

ಒಂದನ್ನು ಬಿಟ್ಟರೆ ಆ ಹಾಲಿನಲ್ಲಿ ಯಾವ ಸಿನಿಮಾವೂ ಮುಗಿದದ್ದನ್ನು ನಾನು ಕಂಡಿಲ್ಲ. ಎಷ್ಟೋ ಪ್ರೇಮಿಗಳು ಇಂದಿಗೂ ನನ್ನ ಪಾಲಿಗೆ ಅವಿವಾಹಿತರು.

ಒಂದು ಚಳಿಗಾಲ ಅವರಿಗೆ ಯಹೂದಿಗಳ ನರಮೇಧದ ಸಿನಿಮಾಗಳ ಹುಚ್ಚು ಹಿಡಿಯಿತು. ಅವರ ಆಫೀಸಿನ ಜರ್ಮನ್ ಸಹೋದ್ಯೋಗಿಯೊಬ್ಬ ಕ್ಯಾಸೆಟ್ಟುಗಳನ್ನು ಕೊಡುತ್ತಿದ್ದ. “ಲಕ್ಷಾಂತರ ಜನರನ್ನ ಕೊಂದಿದ್ದನ್ನ ಪರದೆ ಮೇಲೆ ಹೇಗ್ರೀ ತೋರ್ಸೋದು?” ಎಂದು ತರಕಾರಿ ಅಂಗಡಿಯಲ್ಲಿ ನನ್ನನ್ನು ಹಿಡಿದು ಕೇಳಿದರು. “ಕೆಲವರು ಹೆಣದ ರಾಶಿ ತೋರ್ಸಿ ಹಿಂದೆ ಪಿಟೀಲು ಬಾರಿಸ್ತಾರೆ. ನಾವು ಕಣ್ಣು ಮುಚ್ಕೋತೀವಿ, ಅಲ್ಲಿಗೆ ಮುಗೀತು. ಒಳ್ಳೆ ನಿರ್ದೇಶಕ ಅದನ್ನ ಚೌಕಟ್ಟಿನ ಆಚೆಗಿಡ್ತಾನೆ. ಕಾಣದೇ ಇರೋದಕ್ಕೆ ಕಣ್ಣು ಮುಚ್ಚೋದು ಹೇಗೆ?”

ನಾನು ಬದನೆಕಾಯಿಯಲ್ಲಿ ಹುಳವಿದೆಯೇ ಎಂದು ನೋಡುತ್ತಿದ್ದೆ. ಹೌದು ಹೌದು ಎಂದೆ.

ಈಗ ವಾರಿಜಕ್ಕನ ವಿಷಯ. ಕೆಳಗಿನ ಮನೆಯ ಭಾಸ್ಕರನ ಹೆಂಡತಿಗೆ ಇವರು ಅಕ್ಕ, ಉಡುಪಿ ಕಡೆಯವರು. ಗಂಡನ ಜೊತೆ ಕುವೈತಿನಲ್ಲಿದ್ದರು. ಅಲ್ಲಿ ಯುದ್ಧ ಶುರುವಾದಾಗ ಬ್ರೆಡ್ಡು ತರಲೆಂದು ಹೊರಗೆ ಹೋದ ಗಂಡ ಮರಳಲಿಲ್ಲ. ಕಾಯುತ್ತ ಕೂತವರನ್ನು ಕೊನೆಗೆ ನೆರೆಯವರು ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದರು. ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನಿನಿಂದ ವಿಮಾನ ಹಿಡಿದು ಊರು ಸೇರಿದರು. ಊರಿನಲ್ಲಿ ಗಂಡನ ಮನೆಯವರು ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿ ಮುಗಿಸುವ ಎಂದರು. ಇವರು ಒಪ್ಪಲಿಲ್ಲ. ಮಸ್ಕತ್ತಿಗೆ, ತಂಗಿಯ ಮನೆಗೆ ಬಂದುಬಿಟ್ಟರು. ಬಂದ ಮೇಲೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾವೂ ಅಷ್ಟೇ ಎಚ್ಚರ. ಅವರೆದುರು ಬ್ರೆಡ್ಡು ಎನ್ನಬಾರದೆಂದು ಅರಬಿಯಲ್ಲಿ ಖುಬ್ಸ್ ಎನ್ನುತ್ತಿದ್ದೆವು. ಕುವೈತಿನಲ್ಲೂ ಅದರ ಹೆಸರು ಖುಬ್ಸ್ ಎಂದೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಶುಕ್ರವಾರದ ಸಿನಿಮಾಕ್ಕೆ ಅವರು ಬಂದವರೇ ಅಲ್ಲ. ಒಂದು ವಾರ ಭಾಸ್ಕರ, “ಇವತ್ತು ಕಾಮಿಡಿ ಉಂಟಾ ರಾಯರೇ?” ಎಂದು ಕೇಳಿದ್ದಕ್ಕೆ ಶ್ರೀಕಂಠಯ್ಯ “ಹ್ಞೂಂ” ಎಂದಿದ್ದರಂತೆ. ಅವರು ಪ್ರಶ್ನೆಯನ್ನೇ ಕೇಳಿಸಿಕೊಂಡಿರಲಿಲ್ಲ. ಹಾಗಾಗಿ ವಾರಿಜಕ್ಕನಿಗೆ ಸ್ವಲ್ಪ ನಗು ಬರಲಿ ಎಂದು ತಂಗಿ ಕರೆದುಕೊಂಡು ಬಂದಳು.

ಸಿನಿಮಾ ಕಪ್ಪು ಬಿಳುಪಿನದು. ಯಾವುದೋ ಯುರೋಪಿನ ಊರು, ಯಹೂದಿಗಳೇ ತುಂಬಿರುವ ಹಳೆಯ ಮಹಡಿ ಮನೆ. ಸೈನಿಕರು ಬರುತ್ತಾರೆ. ಆದರೆ ಒಬ್ಬನ ಮುಖವೂ ಕಾಣುವುದಿಲ್ಲ; ಬೂಟು, ಬೆಲ್ಟು, ಕೈಗವಸು ಮಾತ್ರ. ಶ್ರೀಕಂಠಯ್ಯ ನಿಲ್ಲಿಸಿದರು. “ಕ್ಯಾಮೆರಾನ ಮಗುವಿನ ಕಣ್ಣಿನ ಎತ್ತರಕ್ಕೆ ಇಳ್ಸಿದಾನೆ, ನೋಡಿ.” ಮುಂದೆ ಬೀದಿ. ಮೊದಲೊಮ್ಮೆ ಜನ ತುಂಬಿದ್ದಾಗ ತೋರಿಸಿದ್ದ ಅದೇ ಜಾಗದಿಂದ, ಅದೇ ಬೀದಿ. ಈಗ ಒಣಗಲು ಹಾಕಿದ ಬಟ್ಟೆಗಳು ಮಾತ್ರ ಇವೆ. ಮತ್ತೆ ನಿಲ್ಲಿಸಿದರು, ಮತ್ತೆ ವಿವರಿಸಿದರು.

ಕಾಮಿಡಿ ಯಾವಾಗ ಶುರುವಾಗುತ್ತದೆ ಎಂದು ಭಾಸ್ಕರ ಇನ್ನೂ ಕಾಯುತ್ತಿದ್ದ.

ಆಮೇಲೆ ಮೆಟ್ಟಿಲು ಬಂತು. ಮಹಡಿ ಮನೆಯವರೆಲ್ಲ ಗಂಟು ಹಿಡಿದು ಸಾಲಾಗಿ ಇಳಿಯುತ್ತಾರೆ. ಕ್ಯಾಮೆರಾ ಅವರ ಹಿಂದೆ ಹೋಗುವುದಿಲ್ಲ. ಮೇಲೆಯೇ, ತೆರೆದ ಬಾಗಿಲ ಹತ್ತಿರ ನಿಲ್ಲುತ್ತದೆ. ಹೆಜ್ಜೆ ಸದ್ದು ಕ್ಷೀಣಿಸುತ್ತದೆ, ಲಾರಿಯೊಂದು ಹೊರಡುತ್ತದೆ. ಪರದೆಯ ಮೇಲೆ ಖಾಲಿ ಮೆಟ್ಟಿಲು.

ಭಾಸ್ಕರನಿಗೆ ಈಗ ಅರ್ಥವಾಯಿತು. ಎದ್ದು ನಿಂತು, “ಖಲಾಸ್ ಮಾರಾಯ್ರೆ, ಬಂದ್ ಮಾಡಿ,” ಎಂದ. ವಾರಿಜಕ್ಕನನ್ನು ನೋಡಿ ಗಾಬರಿಯಾದ ಶ್ರೀಕಂಠಯ್ಯ ರಿಮೋಟ್ ಎತ್ತಿದರು.

“ನಿಲ್ಲಿಸ್ಬೇಡಿ,” ಎಂದರು ವಾರಿಜಕ್ಕ.

ಭಾಸ್ಕರ ಕೂತ. ರಿಮೋಟ್ ಕೆಳಗಿಳಿಯಿತು. ಮೆಟ್ಟಿಲು ಪರದೆಯ ಮೇಲೆ ಹಾಗೇ ಇತ್ತು. ಎಷ್ಟು ಹೊತ್ತು ಎಂದು ಹೇಳಲಾರೆ. ನಾನು ಕ್ಯಾಸೆಟ್ ತಿರುಗುವ ಸದ್ದು ಕೇಳುತ್ತ ಕೂತಿದ್ದೆ. ಸಿನಿಮಾ ಮುಂದೆ ಸಾಗಿತು, ಕೊನೆಯವರೆಗೂ ಸಾಗಿತು.

ಮುಗಿದ ಮೇಲೆ ವಾರಿಜಕ್ಕ ಕೇಳಿದರು: “ಆ ಮೆಟ್ಟಿಲನ್ನು ಅಷ್ಟು ಹೊತ್ತು ಯಾಕೆ ತೋರ್ಸಿದ್ದು ಅವ?”

ಇಂಥ ಪ್ರಶ್ನೆಗಾಗಿ ಶ್ರೀಕಂಠಯ್ಯ ಜೀವಮಾನವಿಡೀ ಕಾದಿದ್ದರು. ಬಾಯಿ ತೆರೆದರು. “ಗೊತ್ತಿಲ್ಲಮ್ಮ,” ಎಂದರು.

“ನನಗೆ ಗೊತ್ತುಂಟು. ಕುವೈತಿನಲ್ಲಿ ಇವರು ಇಳಿದು ಹೋದ ಮೇಲೆ ನಾನು ಬಾಗಿಲಲ್ಲೇ ನಿಂತಿದ್ದೆ. ಕೆಳಗೆ ಗೇಟಿನ ಶಬ್ದ ಆಯ್ತು. ಮತ್ತೆ ಎಂತದೂ ಇಲ್ಲ. ಬಾಗಿಲು ಹಾಕಿದ್ರೆ ಇವರು ಹೋದ ಹಾಗೆ ಅಲ್ವಾ? ಹಾಕ್ಲಿಕ್ಕೆ ಆಗ್ಲಿಲ್ಲ.” ಪರದೆಯ ಕಡೆ ಕೈ ತೋರಿಸಿ ಮುಂದುವರಿಸಿದರು. “ಅವರದ್ದು ನಮ್ಮ ಹಾಗಲ್ಲ. ಅವರನ್ನು ಹುಡುಕಿ ಹುಡುಕಿ ಕೊಂದದ್ದು. ಮನೆಗೆ ಮನೆಯೇ ಹೋಯ್ತು. ಬಾಗಿಲಲ್ಲಿ ನಿಂತು ನೋಡ್ಲಿಕ್ಕೆ ಸಹ ಯಾರೂ ಉಳೀಲಿಲ್ಲ. ಅದಕ್ಕೇ ಕ್ಯಾಮೆರಾ ನಿಂತದ್ದು.”

ತಂಗಿ ಅಳತೊಡಗಿದಳು. ಶ್ರೀಕಂಠಯ್ಯನವರ ಹೆಂಡತಿ ಚಹಾ ತಂದರು. ವಾರಿಜಕ್ಕ ಸಕ್ಕರೆ ಕಡಿಮೆಯಾಯಿತೆಂದು ಕೇಳಿ ಹಾಕಿಸಿಕೊಂಡು ಕುಡಿದರು.

ಬೇಸಿಗೆಗೆ ಮುಂಚೆಯೇ ಅವರು ಊರಿಗೆ ಹೋಗಿ ಬೊಜ್ಜ ಮಾಡಿಸಿದರು. ತೀರಿಹೋದ ದಿನ ಯಾವುದು ಎಂದು ಭಟ್ಟರು ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. ವಾರಿಜಕ್ಕ, ಗಂಡ ಮೆಟ್ಟಿಲು ಇಳಿದು ಹೋದ ದಿನವನ್ನೇ ಹೇಳಿದರು. ಆಮೇಲೆ ಮಸ್ಕತ್ತಿಗೆ ಮರಳಿ, ಅಜೈಬಾದ ಒಂದು ಶಿಶುವಿಹಾರದಲ್ಲಿ ಬಹಳ ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದರು; ಈಗ ಊರಿನಲ್ಲಿದ್ದಾರೆ. ಶ್ರೀಕಂಠಯ್ಯನವರೇನೂ ಬದಲಾಗಲಿಲ್ಲ; ಮುಂದಿನ ಶುಕ್ರವಾರವೇ ಇನ್ನೊಂದು ಮದುವೆ ತಪ್ಪಿಸಿದರು. ಮೈಸೂರಿಗೆ ವಾಪಸಾಗುವಾಗ ಮಾತ್ರ ಈ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, “ಇದನ್ನ ಎಸೀಬೇಡಿ,” ಎಂದರು. ಅವರು ಈಗಿಲ್ಲ.

ಇಷ್ಟನ್ನೂ ಬರೆದ ಮೇಲೆ, ಕೇಳದೆ ಅಚ್ಚಿಗೆ ಕೊಡುವುದು ಸರಿಯಲ್ಲವೆನಿಸಿ ಇವತ್ತು ಬೆಳಿಗ್ಗೆ ಉಡುಪಿಗೆ ಫೋನ್ ಮಾಡಿ ವಾರಿಜಕ್ಕನಿಗೆ ಓದಿ ಹೇಳಿದೆ. ಅವರು ನಡುವೆ ಎಲ್ಲೂ ತಡೆಯಲಿಲ್ಲ.

“ಇರ್ಲಿ, ಕೊಡಿ,” ಎಂದರು. “ಆದ್ರೆ ಉದ್ದಕ್ಕೂ ‘ಗಂಡ’ ‘ಗಂಡ’ ಅಂತ ಬರ್ದಿದ್ದೀರಲ್ಲ.”

ನಿಜ. ಇಷ್ಟು ವರ್ಷಗಳಲ್ಲಿ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ಅವರೂ ‘ಇವರು’ ಎಂದದ್ದು ಬಿಟ್ಟರೆ ಬೇರೆ ಹೇಳಿರಲಿಲ್ಲ.

“ಮತ್ತೆ ಹೇಗೆ ಬರೀಲಿ?”

ಅತ್ತ ಕಡೆ ಅವರು ಫ್ಯಾನ್ ಆರಿಸಿದ ಸದ್ದು ಕೇಳಿಸಿತು.

“ಸದಾಶಿವ,” ಎಂದರು. ಆಮೇಲೆ, ನಾನು ಬರೆದುಕೊಳ್ಳಲೆಂದು, ಮಕ್ಕಳಿಗೆ ಹೇಳಿಕೊಡುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಇನ್ನೊಮ್ಮೆ ಹೇಳಿದರು.