ಓನರಮ್ಮನ ಮನೆಯ ಜಿರಳೆ ಕಥೆ

ಹೋದ ವಾರ ಅಟ್ಟದಿಂದ ಹಳೆಯ ಸ್ಯಾಂಪಲ್ ಬ್ಯಾಗನ್ನು ಕೆಳಗಿಳಿಸಿದೆ. ಜಿಪ್ ಎಳೆಯುತ್ತಲೇ ನಿಂಬೆಹುಲ್ಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಳದಲ್ಲಿ ಒಂದು ಹಸಿರು ಸ್ಪ್ರೇ ಬಾಟಲಿ ಸೋರಿ ಅಂಟಂಟಾಗಿ ಬಿದ್ದಿತ್ತು. ಮೂರು ತಿಂಗಳ ಹಿಂದಾಗಿದ್ದರೆ ಆ ವಾಸನೆಗೆ ನನ್ನ ಮುಖ ಅರಳುತ್ತಿತ್ತು. ನಾನು ನಾಲ್ಕು ಜನರ ಮುಂದೆ ತಲೆ ಎತ್ತಿದ್ದೇ ಆ ಬಾಟಲಿಯಿಂದ ಎಂದು ಊರೂರಲ್ಲಿ ಮೈಕ್ ಹಿಡಿದು ಹೇಳಿಕೊಂಡು ಬಂದವಳು ನಾನು. ಈಗ ಜಿಪ್ಪನ್ನು ಹಾಗೇ ಎಳೆದು ಮುಚ್ಚಿದೆ. ಹಿತ್ತಲ ಬಾಗಿಲು ತೆಗೆದು ಸುಮಾರು ಹೊತ್ತು ಹೊರಗೇ ನಿಂತಿದ್ದೆ...

ನಮ್ಮ ಯಜಮಾನರು ಸ್ಕೂಲ್ ಮೇಷ್ಟ್ರು. ಅವರಿಗೆ ಸಾದಲಿಗೆ ವರ್ಗವಾದಾಗ ನಾವು ಓನರಮ್ಮನ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಗಡಿ ಸೀಮೆಯವರಾದ್ದರಿಂದ ಅವರ ಕನ್ನಡದಲ್ಲಿ ತೆಲುಗು ನುಸುಳುತ್ತಿತ್ತು, ನನ್ನನ್ನು ‘ತಲ್ಲೀ’, ಅಂದರೆ ತಾಯೀ, ಎಂದೇ ಕರೆಯುತ್ತಿದ್ದರು. ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೂ ಮಗನನ್ನು ಕಟ್ಟಿಕೊಂಡು ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಎರಡನ್ನೂ ಕೈಬಿಟ್ಟಿರಲಿಲ್ಲ. ಚಿನ್ನದ ಓಲೆಯನ್ನು ಮಗಳ ಮದುವೆಯಲ್ಲಿ ಬಿಚ್ಚಿ ಕೊಟ್ಟಿದ್ದರಂತೆ. ತೂತು ಮುಚ್ಚಿಹೋಗದಿರಲಿ ಎಂದು ಎರಡೂ ಕಿವಿಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ‘ಈ ಬೆಳೆ ಬರ್ಲಿ ತಲ್ಲೀ, ಓಲೆ ಮಾಡಿಸ್ಕೊಳ್ತೀನಿ’ ಎನ್ನುವುದನ್ನು ನಾನೇ ಎಷ್ಟು ಸಲ ಕೇಳಿದ್ದೇನೋ.

ಅವರ ನಡುಮನೆಗೆ ಅಂಟಿಕೊಂಡೇ ಹುಳದ ಮನೆ. ಮಧ್ಯೆ ಬಾಗಿಲಿಲ್ಲ, ಒಂದು ಹಳೆ ಸೀರೆಯ ಪರದೆ ಅಷ್ಟೆ. ನಾವು ಬಂದ ದಿನವೇ ಹೇಳಿದ್ದರು, ಹುಳ ಇರೋವಾಗ ಊದುಬತ್ತಿ ಹಚ್ಚಬೇಡ, ಸೊಳ್ಳೆ ಬತ್ತಿ ಬೇಡ, ಪೌಡರ್ ಹಾಕಿಕೊಂಡು ಈ ಕಡೆ ಬರಬೇಡ ಎಂದು. ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತರ ಮಗಳಾಗಿ ಬೆಳೆದ ನನಗೆ ಹುಳದ ಗಂಧಗಾಳಿ ಗೊತ್ತಿರಲಿಲ್ಲ. ಅದನ್ನೆಲ್ಲ ಒಂದು ಬಗೆಯ ಮಡಿ ಎಂದುಕೊಂಡೆ! ಬಾಣಂತನಕ್ಕೆ ಬಂದಿದ್ದ ಮಗಳಿಗೆ ಸಾಂಬ್ರಾಣಿ ಹೊಗೆಯನ್ನೂ ಅವರು ಎದುರು ಮನೆಗೆ ಕರೆದುಕೊಂಡು ಹೋಗಿ ಹಾಕುತ್ತಿದ್ದರು. ಅದನ್ನು ಕಂಡು ನಾನೂ ಯಜಮಾನರೂ ಒಳಗೆ ಕೂತು ನಕ್ಕಿದ್ದೆವು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಗಷ್ಟೇ ನಾನು ಮನೆಯಲ್ಲೇ ಕೂತು ಮಾಡುವ ಬಿಸಿನೆಸ್ಸಿಗೆ ಕೈ ಹಾಕಿದ್ದೆ. ಅಂಗಡಿ ಬೇಡ, ಬೋರ್ಡು ಬೇಡ. ಕಂಪನಿಯಿಂದ ಸೋಪು, ನೆಲ ಒರೆಸುವ ಲಿಕ್ವಿಡ್ಡು, ಸ್ಪ್ರೇ ತರಿಸಿ, ನಾಲ್ಕು ಹೆಂಗಸರನ್ನು ಕೂರಿಸಿ ಡೆಮೊ ಕೊಟ್ಟು ಮಾರಬೇಕು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನನ್ನಿಂದ ಆಗುತ್ತೆ’ ಎಂದು ಹತ್ತು ಸಲ ಹೇಳಿಕೊಳ್ಳಬೇಕು ಎಂದು ನನ್ನನ್ನು ಸೇರಿಸಿದ ಗೆಳತಿ ಹೇಳಿಕೊಟ್ಟಿದ್ದಳು. ಹೇಳಿಕೊಂಡೆ. ಕನ್ನಡಿ ಒಪ್ಪಿತು, ಊರು ಒಪ್ಪಲಿಲ್ಲ! ಮೇಷ್ಟ್ರ ಹೆಂಡ್ತಿ ಬ್ಯಾಗ್ ಹಿಡ್ಕೊಂಡು ಬಂದ್ಲು ಎಂದರೆ ಸಾಕು, ಒಳಗಿದ್ದವರೂ ಮನೆಯಲ್ಲಿಲ್ಲ. ಎರಡು ತಿಂಗಳಾದರೂ ಒಂದು ಸೋಪು ಹೋಗಲಿಲ್ಲ. ಕೊನೆಗೆ ಯಜಮಾನರು, ಈ ಭಾನುವಾರ ಬ್ಯಾಗನ್ನು ವಾಪಸ್ ಕಳಿಸಿಬಿಡು, ಮರ್ಯಾದೆ ಉಳಿಯುತ್ತೆ ಎಂದರು. ಜಗಲಿಯ ಮೇಲೆ ಕೂತು ಗಳಗಳ ಅತ್ತೆ.

ಸೊಪ್ಪಿನ ಹೊರೆ ಇಳಿಸಿದ ಓನರಮ್ಮ ನನ್ನ ಪಕ್ಕ ಬಂದು ಕೂತರು. ತಾವು ಮದುವೆಯಾದ ಹೊಸದರಲ್ಲಿ ರವಿಕೆ ಬಟ್ಟೆ ತಂದು ಮಾರಲು ಹೋಗಿದ್ದನ್ನೂ, ಅತ್ತೆ ಆ ಗಂಟನ್ನು ಎಲ್ಲರೆದುರು ಬೀದಿಗೆ ಎಸೆದದ್ದನ್ನೂ ಹೇಳಿದರು. ‘ಆಯ್ಕೊಂಡು ಬಂದು ಒಳಗಿಟ್ಟೆ ತಲ್ಲೀ. ಮತ್ತೆ ಆ ಗಂಟು ಬಿಚ್ಚೋಕೆ ನಂಗೆ ಕೈಯೇ ಬರ್ಲಿಲ್ಲ.’ ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, ‘ಬುಧವಾರ ನಮ್ಮ ನಡುಮನೇಲಿ ಮಾಡು. ನಾನು ಕರೀತೀನಿ, ಯಾರು ಬರಲ್ವೋ ನೋಡಣ’ ಎಂದರು.

ಬಂದರು. ಐದು ಜನ ಹೆಂಗಸರು ಚಾಪೆಯ ಮೇಲೆ ಕೂತಿದ್ದರು, ಮಗಳು ಮೂಲೆಯಲ್ಲಿ ಮಗು ಮಲಗಿಸಿಕೊಂಡಿದ್ದಳು. ಓನರಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಕಾಫಿ ಮಾಡುತ್ತಿದ್ದರು. ಸೋಪು ತೋರಿಸಿದೆ, ಆಕಳಿಸಿದರು. ಲಿಕ್ವಿಡ್ಡು ತೋರಿಸಿದೆ, ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ಆಗ, ದೇವರೇ ಕಳಿಸಿದಂತೆ, ಗೋಡೆಯ ಮೇಲೊಂದು ದಪ್ಪ ಜಿರಳೆ ಸರಸರ ಹರಿದು ಬಂತು. ನಾನು ಹಸಿರು ಬಾಟಲಿ ಎತ್ತಿಕೊಂಡು ‘ಹರ್ಬಲ್ಲು, ಮಕ್ಕಳಿದ್ದ ಮನೆಗೂ ಏನೂ ಆಗಲ್ಲ’ ಎಂದು ಕೂಗುತ್ತಾ ಹೊಡೆದೆ, ಹೊಡೆದೆ, ಗೋಡೆ ಉದ್ದಕ್ಕೂ ಹೊಡೆದೆ. ಮಗಳು ‘ಅಯ್ಯೋ’ ಎಂದು ಚೀರಿದಳು. ಜಿರಳೆ ಪರದೆಯ ಬುಡದಲ್ಲಿ ಅಂಗಾತ ಬಿತ್ತು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಓನರಮ್ಮ ಕಾಫಿ ತಟ್ಟೆ ಹಿಡಿದು ಬಂದು ಬಾಗಿಲಲ್ಲೇ ನಿಂತರು. ಪರದೆ ನೋಡಿದರು, ನನ್ನನ್ನು ನೋಡಿದರು. ನಾನು ಬಾಟಲಿ ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದೆ. ತಟ್ಟೆಯನ್ನು ಕೆಳಗಿಟ್ಟು ಒಂದು ನಿಮಿಷ ಪರದೆಯ ಒಳಗೆ ಹೋಗಿ ಬಂದರು. ಫ್ಯಾನ್ ಆಫ್ ಮಾಡಿದರು. ‘ಸೆಕೆ ಅಲ್ವಾ’ ಎಂದು ಕಿಟಕಿಗಳನ್ನೆಲ್ಲ ತೆರೆದರು. ಫ್ಯಾನ್ ಆರಿಸಿ ಸೆಕೆ ಎನ್ನುತ್ತಾರಲ್ಲ ಎಂದು ನನಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ನನ್ನೆದುರು ಕೂತು, ‘ಮೊದ್ಲು ನಂದು ಬರ್ಕೋ ತಲ್ಲೀ’ ಎಂದರು. ಆಮೇಲೆ ಉಳಿದವರತ್ತ ತಿರುಗಿ, ‘ನೀವೂ ಬರ್ಸಿ’ ಎಂದರು. ಹತ್ತು ನಿಮಿಷದಲ್ಲಿ ಆರು ಆರ್ಡರು!

ಭಾನುವಾರ ಬ್ಯಾಗು ವಾಪಸ್ ಹೋಗಲಿಲ್ಲ. ಅಷ್ಟರಲ್ಲಿ ಓನರಮ್ಮನ ಹುಳವೆಲ್ಲ ಸತ್ತು, ತಟ್ಟೆಗಟ್ಟಲೆ ಹೊತ್ತು ತಿಪ್ಪೆಗುಂಡಿಗೆ ಸುರಿದಿದ್ದರು. ಕೇಳಿದ್ದಕ್ಕೆ ‘ಹಾಲುತೊಂಡೆ ರೋಗ ತಲ್ಲೀ, ಆಗ್ತಿರುತ್ತೆ’ ಎಂದರು. ಅಯ್ಯೋ ಪಾಪ ಎಂದು ಅವರಿಗೆ ಸಮಾಧಾನ ಬೇರೆ ಹೇಳಿ ಬಂದೆ. ಮುಂದಿನ ವರ್ಷ ವರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆವು. ಶುರುವಿನಲ್ಲಿ ಫೋನ್ ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೆ ಮಾತ್ರ, ಆಮೇಲೆ...

ನಾನು ಬೆಳೆದೆ. ನನ್ನ ಕೈಕೆಳಗೆ ಹೆಂಗಸರ ದೊಡ್ಡ ಗುಂಪೇ ಆಯಿತು. ಗೌರಿಬಿದನೂರು, ಶಿಡ್ಲಘಟ್ಟ ಎಂದು ಮೀಟಿಂಗಿಗೆ ಕರೆಯತೊಡಗಿದರು. ಸೋತು ಕೂತ ಹೊಸಬರಿಗೆ ಧೈರ್ಯ ತುಂಬಲು ನನ್ನ ಹತ್ತಿರ ಇದ್ದದ್ದು ಒಂದೇ ಕಥೆ, ಜಿರಳೆ ಕಥೆ. ಜಿರಳೆ ಹರಿದದ್ದು, ನಾನು ಎಗರಿದ್ದು, ಆ ಬಾಣಂತಿ ಚೀರಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ‘ಅಯ್ಯೋ’ ಎನ್ನುವಲ್ಲಿ ಇಡೀ ಹಾಲ್ ಬಿದ್ದು ಬಿದ್ದು ನಗುತ್ತಿತ್ತು.

ಮೂರು ತಿಂಗಳ ಹಿಂದೆ ಚಿಂತಾಮಣಿಯಲ್ಲೂ ಹಾಗೇ ನಕ್ಕರು. ಮೀಟಿಂಗ್ ಮುಗಿದು ಊಟಕ್ಕೆ ಏಳುವಾಗ ಒಬ್ಬಳು ಹತ್ತಿರ ಬಂದಳು. ‘ಅಕ್ಕಾ, ಗುರ್ತು ಸಿಗ್ಲಿಲ್ವಾ? ಆ ಅಯ್ಯೋ ಅಂದೋಳು ನಾನೇ.’ ಓನರಮ್ಮನ ಮಗಳು! ಅಂಬಾಜಿದುರ್ಗದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರಲ್ಲ. ಬಾಚಿ ತಬ್ಬಿಕೊಂಡೆ. ಅಮ್ಮ ಹೇಗಿದ್ದಾರೆ ಎಂದೆ. ‘ಅಮ್ಮ ಹೋಗಿ ಎರಡು ವರ್ಷ ಆಯ್ತಕ್ಕ.’ ಎರಡು ವರ್ಷ! ಈ ಎರಡು ವರ್ಷದಲ್ಲಿ ಎಷ್ಟು ಸಲ ಅವರ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ.

ಅವಳು ಸ್ವಲ್ಪ ತಡೆದು ಕೇಳಿದಳು. ‘ಅಕ್ಕಾ, ನಿಜವಾಗ್ಲೂ ನಿಮಗೆ ಗೊತ್ತಿಲ್ವಾ? ನೀವು ಸ್ಟೇಜ್ ಮೇಲೆ ನಗ್ತಾ ಹೇಳೋದು ನೋಡಿ ನಂಗೆ ಏನೂ ತೋಚ್ಲಿಲ್ಲ.’

ಏನು ಗೊತ್ತಿಲ್ಲ ಎಂದೆ. ಹೇಳಿದಳು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನೊಂದು ವಾರಕ್ಕೆ ಗೂಡು ಕಟ್ಟುವುದರಲ್ಲಿತ್ತಂತೆ. ನಾನು ಹೊಡೆದದ್ದು ಫ್ಯಾನಿನ ಗಾಳಿಗೆ ಪರದೆ ದಾಟಿತ್ತು. ಸಂಜೆಯೊಳಗೆ ಹುಳವೆಲ್ಲ ತಲೆ ಎತ್ತಿ ಎತ್ತಿ ಆಡಿಸುತ್ತಾ, ಹಸಿರು ನೀರು ಕಕ್ಕುತ್ತಾ ಒದ್ದಾಡಿದವಂತೆ. ಹಾಲುತೊಂಡೆಯೂ ಇಲ್ಲ, ಯಾವ ರೋಗವೂ ಇಲ್ಲ. ಮಗನಿಗೂ ಓನರಮ್ಮ ರೋಗವೆಂದೇ ಹೇಳಿದ್ದರಂತೆ. ಚಾಪೆಯ ಮೇಲಿದ್ದ ಐವರಿಗೂ ಬಾಯಿ ಬಿಡದಂತೆ ತಾಕೀತು ಮಾಡಿದ್ದರಂತೆ.

‘ನಾನು ಜಗಳ ಆಡ್ದೆ ಅಕ್ಕ, ಯಾಕೆ ಬೈಲಿಲ್ಲ ಅಂತ. ಅಮ್ಮ ಅಂದ್ಲು, ಹುಳ ಇನ್ನೊಂದು ಬೆಳೆ ಬರುತ್ತೆ ಕಣೇ, ಆ ಹುಡುಗಿ ಇವತ್ತು ಗಂಟು ಕಟ್ಟಿದ್ರೆ ಮತ್ತೆ ಬಿಚ್ಚಲ್ಲ, ಅಂತ.’ ಓಲೆ ಮಾಡಿಸಿಕೊಂಡರಾ ಎಂದು ಕೇಳಿದೆ, ಯಾಕೆ ಕೇಳಿದೆನೋ. ‘ಇಲ್ಲಕ್ಕ. ಮುಂದಿನ ಬೆಳೆ ಅಣ್ಣನ ಮದುವೆಗೆ ಹೋಯ್ತು. ಆಮೇಲೆ ಓಲೆ ಮಾತೇ ಎತ್ಲಿಲ್ಲ.’

ಊಟದ ಹಾಲ್‌ನಲ್ಲಿ ನಮ್ಮ ಹೆಂಗಸರು ಇನ್ನೂ ‘ಅಯ್ಯೋ, ಅಯ್ಯೋ’ ಎಂದು ನನ್ನನ್ನೇ ಅಣಕಿಸಿ ನಗುತ್ತಿದ್ದರು. ಅಂದರೆ ಆ ಆರು ಆರ್ಡರು... ನನ್ನ ಮಾತಿನ ಮೋಡಿಗೆ ಬಿದ್ದದ್ದಲ್ಲ, ಆ ತಾಯಿ ಉಳಿದವರತ್ತ ಕಣ್ಣು ಬಿಟ್ಟದ್ದಕ್ಕೆ ಬಿದ್ದದ್ದು. ನಾನು ಊರೂರಿಗೆ ಹಂಚಿದ ಧೈರ್ಯವೆಲ್ಲ ಒಂದು ತಿಪ್ಪೆಗುಂಡಿಯಿಂದ ಎದ್ದು ಬಂದದ್ದು. ಗರ ಬಡಿದವಳಂತೆ ಅಲ್ಲೇ ಕೂತೆ. ಆಮೇಲೆ ಯಾವ ಮೀಟಿಂಗಿನಲ್ಲೂ ಆ ಕಥೆ ಹೇಳಲು ನನಗೆ ಬಾಯಿ ಬಂದಿಲ್ಲ.

ಮೂರು ತಿಂಗಳು ಒದ್ದಾಡಿ, ಬ್ಯಾಗು ಇಳಿಸಿದ ಮಾರನೆಯ ದಿನ ಸಾದಲಿಯ ಬಸ್ಸು ಹತ್ತಿದೆ. ಹಣ್ಣು, ಹೂವು, ಊದುಬತ್ತಿ ಹಿಡಿದು ಹೋಗಿದ್ದೆ. ಜಗಲಿ ಹತ್ತುವಾಗ ಹಸಿ ಸೊಪ್ಪಿನ ವಾಸನೆ ಬಂತು. ಬಾಗಿಲಿಗೆ ಬಂದ ಓನರಮ್ಮನ ಸೊಸೆಯನ್ನು, ‘ಒಳಗೆ ಹುಳ ಇದ್ಯೇನಮ್ಮಾ?’ ಎಂದು ಕೇಳಿದೆ. ‘ಇದೆ ಅಕ್ಕ, ಮೂರನೇ ಜ್ವರ ಎದ್ದಿದೆ’ ಎಂದಳು. ಊದುಬತ್ತಿಯನ್ನು ಜಗಲಿಯ ಮೂಲೆಯಲ್ಲಿಟ್ಟು ಒಳಗೆ ಹೋದೆ. ಅವತ್ತು ಇದೊಂದು ಮಾತು ಕೇಳಲು ನನಗೇನಾಗಿತ್ತು.

ನಡುಮನೆಯ ಗೋಡೆಯ ಮೇಲೆ, ಆ ಜಿರಳೆ ಹರಿದ ಗೋಡೆಯ ಮೇಲೇ, ಓನರಮ್ಮನ ಫೋಟೋ ಇತ್ತು. ಹೂವು ಮುಡಿಸಲು ಹತ್ತಿರ ಹೋದವಳು ನಿಂತುಬಿಟ್ಟೆ. ಎರಡೂ ಕಿವಿಯಲ್ಲಿ ಕೆಂಪು ಹರಳಿನ ಚಿನ್ನದ ಓಲೆ.

‘ಅದು ಸ್ಟುಡಿಯೋದವ್ರು ಹಾಕಿದ್ದು ಅಕ್ಕ, ಕಂಪ್ಯೂಟರ್‌ನಲ್ಲಿ’ ಎಂದಳು ಸೊಸೆ. ‘ಅತ್ತೆಗೆ ಓಲೆ ಇರ್ಲಿಲ್ಲ.’

‘ಗೊತ್ತಮ್ಮ’ ಎಂದೆ. ‘ಯಾಕೆ ಇರ್ಲಿಲ್ಲ ಅಂತ ಹೇಳೋಕೇ ಬಂದೆ. ನಿಮ್ಮೆಜಮಾನ್ರನ್ನೂ ಕರಿ.’

ಅವಳು ಚಾಪೆ ಹಾಸಿದಳು. ಕೂತೆ.