ಅಂಚಿನೊಳಗಿನ ಗೇಣು

ನನ್ನ ದರ್ಜಿ ಗೆಳೆಯ ಯಾವ ಮಗುವಿನ ಫ್ರಾಕ್ ಹೊಲಿದರೂ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚುತ್ತಿದ್ದ. “ಇದೇನು ಫ್ರಾಕೋ, ಪರದೆಯೋ?” ಎಂದು ತಾಯಂದಿರು ರೇಗಿದರೆ, “ಬೆಳೆಯೋ ಮಕ್ಕಳಮ್ಮಾ, ಆಮೇಲೆ ಬಿಚ್ಚಿಕೊಳ್ಳಿ” ಎನ್ನುತ್ತಿದ್ದ. ದೇವರನ್ನೂ ಹಳೇ ಗಿರಾಕಿಯಂತೆ ಗದರುತ್ತಿದ್ದ: “ಅಳತೆ ಕೊಟ್ಟು ಎಲ್ಲಿ ಹೋದೆ ಮಾರಾಯ?” ಹಾಸಿಗೆ ಹಿಡಿದಿದ್ದ ಮಗಳು ಉಳಿಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ ದಿನ ಅವಳ ಫ್ರಾಕಿಗೆ ಇಡೀ ಗೇಣು ಮಡಿಚಿದ. “ತಲೆ ಕೆಟ್ಟಿದೆಯೇನೋ?” ಎಂದೆ. “ಅವಳನ್ನ ಬೆಳೆಸೋ ಕೆಲಸ ದೇವರಿಗೆ ಒಪ್ಪಿಸಿದೀನಿ. ಅವನು ಮಾಡಿ ಮುಗಿಸಿದಾಗ ಬಟ್ಟೆ ಸಾಲದೇ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?” ಎಂದ. ಅದಾಗಿ ಮೂರು ವರ್ಷ; ಅವನು ತೀರಿಕೊಂಡು ತಿಂಗಳಾಯಿತು. ನಿನ್ನೆ ಅವನ ಅಂಗಡಿಗೆ ಹೋದೆ. ಮಗಳು ಮೆಷಿನ್ನಿನ ಮುಂದೆ ಕೂತು ಅದೇ ಫ್ರಾಕಿನ ಅಂಚು ಬಿಚ್ಚುತ್ತಿದ್ದಳು. ಎದ್ದು, ಅದನ್ನು ತೊಟ್ಟು ನಿಂತು ತೋರಿಸಿ, “ಮಾಮಾ, ಇನ್ನೂ ಎರಡು ಬೆರಳು ಒಳಗೇ ಬಿಟ್ಟಿದೀನಿ” ಎಂದಳು, “ಬೆಳೀತೀನಲ್ಲ.”