ಶಿಲುಬೆ ಹಾದಿಯ ಇನ್ನಾಸಪ್ಪ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಪ್ರತಿ ಶುಕ್ರವಾರ ಸಂಜೆ ದೇವನಹಳ್ಳಿ ಕಡೆಯ ಒಂದು ಪುಟ್ಟ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಓದುವವರು ಇನ್ನಾಸಪ್ಪನವರೇ. ಮೊದಲು ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸುತ್ತಾರೆ, ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾರೆ. ಯೇಸು ಶಿಲುಬೆ ಹೊತ್ತು ನಡೆದ ಕಥೆ ಹೇಳುವ ಗೋಡೆಯ ಹದಿನಾಲ್ಕು ಚಿತ್ರಗಳ ಮುಂದೆಯೂ ನಿಂತು, "ಸುಮ್ನೆ ಮಂಡಿಯೂರಿದ್ರೆ ಸಾಲ್ದು, ಕಣ್ಬಿಟ್ಟು ಯೇಸುಸ್ವಾಮೀನ ನೋಡ್ರಪ್ಪ" ಎಂದು ಗದರುತ್ತಾರೆ. ಮೇಲೆ ವಿಮಾನ ಹಾದುಹೋದರೆ ಸದ್ದಡಗುವ ತನಕ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತಾರೆ. ಅವರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಓದುವುದೆಲ್ಲ ಬಾಯಿಪಾಠ ಎಂಬುದು ಹೆಂಡತಿ ಆರೋಗ್ಯಮ್ಮನವರಿಗೆ ಮಾತ್ರ ಗೊತ್ತು. ಫಾದರ್‌ಗೆ ತಿಳಿದರೆ ಪುಸ್ತಕ ಬೇರೆಯವರ ಕೈಸೇರುತ್ತದೆಂದು ಇಬ್ಬರಿಗೂ ದಿಗಿಲು. ಅದಕ್ಕೇ ಆಕೆ ಪಕ್ಕದಲ್ಲೇ ನಡೆದು, ಚಿತ್ರ ಬಂದಾಗಲೆಲ್ಲ ಮೆಲ್ಲಗೆ ಕೆಮ್ಮುತ್ತಾರೆ. ಕಳೆದ ಶುಕ್ರವಾರ ಒಂಬತ್ತನೇ ಚಿತ್ರದ ಮುಂದೆ ಕರೆಂಟು ಹೋಗಿ ಇಡೀ ಚರ್ಚು ಕತ್ತಲಾಯಿತು. ಇನ್ನಾಸಪ್ಪನವರು ಒಂದಕ್ಷರವೂ ತಡವರಿಸದೆ ಓದುತ್ತಲೇ ಇದ್ದರು, ಹಾಳೆಯನ್ನೂ ತಿರುವಿದರು. ಆರೋಗ್ಯಮ್ಮ ಅವರ ಕೈ ಚಿವುಟಿ, "ರೀ, ಕರೆಂಟ್ ಹೋಗೈತೆ, ನಿಲ್ಸಿ. ಎಲ್ರಿಗೂ ಗೊತ್ತಾಗ್ಬಿಡ್ತದೆ" ಎಂದು ಕಿವಿಯಲ್ಲಿ ಉಸುರಿದರು. ಅವರು ಬೆಚ್ಚಿ ಪುಸ್ತಕ ಮುಚ್ಚಿ, "ಸ್ವಲ್ಪ ತಡೀರಪ್ಪ, ನಂಗೇನೂ ಕಾಣಿಸ್ತಿಲ್ಲ" ಎಂದರು. ಎರಡು ವರ್ಷ ಗಂಟಲಲ್ಲೇ ಇದ್ದ ಮಾತು ಹೊರಬಂದು ಅವರ ಎದೆ ಹಗುರಾಯಿತು. ಕತ್ತಲೊಳಗಿಂದ ಯಾರೋ, "ನಮ್ಗೂ ಅಷ್ಟೇ ಕಣಣ್ಣ" ಎಂದು ಸಮಾಧಾನ ಹೇಳಿದರು.